ಬಿಸಿ ನೋಡುವ ಕಣ್ಣು

ಜೂನ್ 4

ಪ್ರೀತಿಯ ಅಣ್ಣನಿಗೆ,

ರಜೆ ಮುಗಿಸಿ ನೀನು ಹೋಗಿ ಎಂಟು ದಿನವಾಯಿತು. ಅಮ್ಮ ಈಗಲೂ ಮೂರು ತಟ್ಟೆ ಹಾಕಿ, ಆಮೇಲೆ ಒಂದನ್ನು ವಾಪಸ್ ಎತ್ತಿಡುತ್ತಾಳೆ. ನಾನು ನೋಡಿಯೂ ನೋಡದ ಹಾಗೆ ಇದ್ದುಬಿಡುತ್ತೇನೆ.

ನಿನ್ನ ಪತ್ರಗಳನ್ನು ನಿನಗಿಂತ ಮುಂಚೆ ಒಡೆದು ಓದುವ ಸಾಹೇಬರಿಗೆ ಮೊದಲು ನಮಸ್ಕಾರ. ಸಾಹೇಬರೇ, ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ. ಓದಿ ಕಣ್ಣು ನೋವು ಬಂದರೆ ಕ್ಷಮಿಸಿ.

ಈಗ ವಿಷಯಕ್ಕೆ ಬರುತ್ತೇನೆ. ನನಗೆ ತಲೆ ಕೆಟ್ಟುಹೋಗಿದೆ ಅಣ್ಣಾ. ನಮ್ಮ ಕಂಪನಿಯ ಯುದ್ಧವಿಮಾನದ ಕಂಪ್ಯೂಟರ್ ಆಟದಲ್ಲಿ ಇನ್ಫ್ರಾರೆಡ್ ಸೆನ್ಸರಿನ ಭಾಗ ಬರೆದವಳು ನಾನು. ಪೈಲಟ್ಟನ ಮುಂದೆ, ವಿಮಾನದ ಮೂಗಿನ ಮೇಲೆ ಕೂತಿರುವ ಆ ಗಾಜಿನ ಗುಂಡು. ರೇಡಾರಿನಂತೆ ಕೂಗಿ ಹುಡುಕದೆ, ಸುಮ್ಮನೆ ಕೂತು, ಎದುರಾಳಿಯ ಎಂಜಿನ್ ಬಿಸಿಯನ್ನು ನೋಡಿಯೇ ಹಿಡಿಯುವ ಕಣ್ಣು. ವಾಯುಪಡೆಯ ಕಾರ್ಯಾಗಾರದಲ್ಲಿ ನೀನು ಅದನ್ನು ದಿನಾ ಬಿಚ್ಚಿ, ಒರೆಸಿ, ರಿಪೇರಿ ಮಾಡಿ ಕೂರಿಸುತ್ತೀಯ. ನಾನು ಒಮ್ಮೆಯೂ ಕಂಡಿಲ್ಲ. ಕಾಣದ ಕಣ್ಣಿಗೆ ದೃಷ್ಟಿ ಕೊಡುವುದು ನನ್ನ ಕೆಲಸ!

ನಮ್ಮ ಆಟದ ಫೋರಮ್ಮಿನಲ್ಲಿ ‘ಹಳೇ ಹದ್ದು’ ಎಂಬ ಹೆಸರಿನಲ್ಲಿ ಒಬ್ಬ ದಿನಬೆಳಗಾದರೆ ನನ್ನನ್ನು ಬೈಯುತ್ತಾನೆ. ನಿನ್ನೆ ಬರೆದದ್ದು: “ಸ್ವಾಮಿ, ನಿಮ್ಮ ಸೆನ್ಸರ್ ಮೋಡದಾಚೆ ಇರೋದನ್ನೂ ಹೇಳತ್ತೆ, ದೂರಾನೂ ಮೀಟರ್ ಲೆಕ್ಕದಲ್ಲಿ ಹೇಳತ್ತೆ. ಇದು ಕಣ್ಣಲ್ಲ, ಕಣಿ ಹೇಳೋ ಅಂಗಡಿ.” ಅದಕ್ಕೆ ನಾನೂರು ಜನ ಮೆಚ್ಚುಗೆ ಒತ್ತಿದ್ದಾರೆ. ನಮ್ಮ ಮುಖ್ಯಸ್ಥನಿಗೆ ನಾವಿಟ್ಟಿರುವ ಹೆಸರು ಗಡುವಪ್ಪ. ಅವನಂತೂ ಮೇಜಿನ ಪಕ್ಕ ಬಂದು ನಿಂತು ಪೆನ್ನು ಟಕಟಕ ಅನ್ನಿಸುತ್ತಾನೆ. “ಮುಂದಿನ ತಿಂಗಳು ಹೊಸ ಆವೃತ್ತಿ ಹೋಗ್ಬೇಕು, ನಿಂದೇ ಬಾಕಿ,” ಎನ್ನುತ್ತಾನೆ.

ಒಂದೇ ಒಂದು ಅಂಕಿ ಹೇಳು. ಎಷ್ಟು ದೂರದಿಂದ ಕಾಣುತ್ತದೆ? ಹಿಂದಿನಿಂದ ಎಷ್ಟು, ಎದುರಿನಿಂದ ಎಷ್ಟು? ಅಷ್ಟು ಸಾಕು.

ನಿನ್ನ,
ಚಿಕ್ಕಿ


ಜೂನ್ 19

ಚಿಕ್ಕೀ,

ಅಂಕಿ ಕೊಡುವುದಿಲ್ಲ. ನೀನು ಕೇಳಲೂಬಾರದಿತ್ತು. ಇನ್ನು ಮುಂದೆ ಕೇಳಬೇಡ.

ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಇರುವಷ್ಟನ್ನು ಹೇಳುತ್ತೇನೆ. ಅಮ್ಮನ ಇಸ್ತ್ರಿ ಅಂಗಡಿಯಲ್ಲಿ ನಾವು ಆಡುತ್ತಿದ್ದ ಆಟ ನೆನಪಿದೆಯೇ? ಕಣ್ಣು ಮುಚ್ಚಿ ಅಂಗೈ ಚಾಚಿ, ಕಾದ ಇಸ್ತ್ರಿ ಪೆಟ್ಟಿಗೆ ಎಲ್ಲಿದೆ ಎಂದು ಹೇಳಬೇಕು. ದಿಕ್ಕನ್ನು ನೀನು ಯಾವಾಗಲೂ ಸರಿ ಹೇಳುತ್ತಿದ್ದೆ. ದೂರ ಮಾತ್ರ ಒಮ್ಮೆಯೂ ಸರಿ ಹೇಳಲಿಲ್ಲ. ಹತ್ತಿರದ ಸಣ್ಣ ಪೆಟ್ಟಿಗೆ, ದೂರದ ದೊಡ್ಡ ಪೆಟ್ಟಿಗೆ, ಎರಡೂ ಅಂಗೈಗೆ ಒಂದೇ. ನಡುವೆ ಅಮ್ಮ ಒದ್ದೆ ಬೆಡ್‌ಶೀಟು ಹಿಡಿದರೆ ದಿಕ್ಕೂ ಹೋಯಿತು. ಮೋಡವೆಂದರೆ ಒದ್ದೆ ಬೆಡ್‌ಶೀಟು ಅಂದುಕೋ. ಸೂರ್ಯನ ಕಡೆ ತಿರುಗಿದರೆ ಆ ಕಣ್ಣು ಕುರುಡು. ಬಿಸಿಲಿಗೆ ಕಾದ ಬಂಡೆ, ಕಾರ್ಖಾನೆಯ ಚಿಮಣಿ, ಎಲ್ಲವೂ ಅದಕ್ಕೆ ವಿಮಾನವೇ. ಹಿಂದಿನಿಂದ ಎಂಜಿನ್ನಿನ ಬಾಯಿ ಕಂಡರೆ ಬೇಗ ಸಿಗುತ್ತದೆ, ಎದುರಿನಿಂದ ಬಂದರೆ ತಡ. ಎಷ್ಟು ಬೇಗ, ಎಷ್ಟು ತಡ ಎನ್ನುವುದೇ ನಾನು ಹೇಳದಿರುವುದು.

ಪತ್ರ ಓದುವ ಸಾಹೇಬರು ನಿನ್ನ ಕೋಳಿ ಮಾತಿಗೆ ಜೋರಾಗಿ ನಕ್ಕರು. ಇಪ್ಪತ್ತೆರಡು ವರ್ಷ ವಿಮಾನ ಹಾರಿಸಿದವರು. ಒಳಗಿವಿ ಕೆಟ್ಟಿತೆಂದು ಹೋದ ವರ್ಷ ಕೆಳಗೆ ಇಳಿಸಿ, ಮೇಜು ಕುರ್ಚಿ ಕೊಟ್ಟು ಕೂರಿಸಿದ್ದಾರೆ. ಒಳ್ಳೆಯ ಮನುಷ್ಯ. ನನಗೆ ಈಚೆಗೆ ಒಂದು ದೊಡ್ಡ ಉಪಕಾರವನ್ನೂ ಮಾಡಿದ್ದಾರೆ.

ರಜೆಯಲ್ಲಿ ನನ್ನ ಬಟ್ಟೆಗೆ ಇಸ್ತ್ರಿ ಹಾಕಿ ಚೀಲ ತುಂಬಿದವಳು ನೀನೇ ಅಲ್ಲವೇ? ತಳದವರೆಗೂ ತೆಗೆದಿದ್ದೆಯಾ? ಸುಮ್ಮನೆ ಕೇಳಿದೆ.

ಅಣ್ಣ


ಜುಲೈ 2

ಅಣ್ಣಾ,

ಬೈದದ್ದಕ್ಕೆ ಸಿಟ್ಟು ಬಂತು. ಎರಡು ದಿನ ನಿನ್ನ ಪತ್ರವನ್ನು ಮಡಿಸಿ ಮೂಲೆಗೆ ಎಸೆದಿದ್ದೆ. ಮೂರನೇ ದಿನ ತೆಗೆದು ಕೂತವಳು ಬೆಡ್‌ಶೀಟಿನವರೆಗೆ ಓದಿ, ಕುರ್ಚಿಯಿಂದ ಎದ್ದೇಬಿಟ್ಟೆ.

ದೂರ ತೋರಿಸುವುದನ್ನು ಕಿತ್ತುಹಾಕಿದೆ. ಮೋಡ ಬಂದರೆ ಪರದೆ ಖಾಲಿ. ಸೂರ್ಯನತ್ತ ತಿರುಗಿದರೆ ಬರೀ ಬಿಳಿ. ಒಂದು ಚಿಮಣಿಗೆ ಕ್ಷಿಪಣಿ ಬಿಡುವವರನ್ನು ನೋಡಬೇಕು ನೀನು! ಆಟಗಾರರು ಬೊಬ್ಬೆ ಹಾಕುತ್ತಿದ್ದಾರೆ, “ನಮ್ಮ ಕಣ್ಣು ಕಿತ್ತುಕೊಂಡ್ರಲ್ರೀ” ಎಂದು. ಗಡುವಪ್ಪ ಎರಡು ಸಲ ಕರೆದು, “ಜನ ಗೆಲ್ಲೋಕೆ ಬರ್ತಾರೆ, ಪಾಠ ಕಲಿಯೋಕಲ್ಲ,” ಎಂದ. ನಾನು ಜಗ್ಗಲಿಲ್ಲ.

ಆಶ್ಚರ್ಯ ಏನು ಗೊತ್ತಾ? ಹಳೇ ಹದ್ದು ಹೊಗಳಿದ. “ಈಗ ಇದು ಕಣ್ಣು. ಹಿಂಬದಿಯಿಂದ ಎಷ್ಟು ದೂರಕ್ಕೆ ಕಾಣಬೇಕೋ ಅದು ಬಹಳ ಚೆನ್ನಾಗಿ ಕೂತಿದೆ, ಎದುರಿನದು ಮಾತ್ರ ಇನ್ನೂ ತಪ್ಪು, ತಂಗಿ.” ತಂಗಿ! ನಾನು ಹೆಣ್ಣೆಂದು ಅವನಿಗೆ ಯಾರು ಹೇಳಿದರು? ಫೋರಮ್ಮಿನಲ್ಲಿ ನನ್ನ ಹೆಸರಿಲ್ಲ, ‘ಸೆನ್ಸರ್ ಮೇಜು’ ಎಂದಷ್ಟೇ ಇದೆ. ನೀನು ವಾರದ ರಜೆಗೆ ಪೇಟೆಗೆ ಹೋದಾಗ ಕಂಪ್ಯೂಟರ್ ಅಂಗಡಿಯಲ್ಲಿ ಕೂರುತ್ತೀಯ ಎಂದು ಅಮ್ಮ ಒಮ್ಮೆ ಹೇಳಿದ್ದಳು. ನಾನೇನೂ ಕೇಳುತ್ತಿಲ್ಲಪ್ಪ. ಸುಮ್ಮನೆ ನಗು ಬಂತು.

ಚೀಲದಲ್ಲಿ ಏನೂ ಉಳಿದಿರಲಿಲ್ಲ. ಒಂಟಿ ಕಾಲುಚೀಲ ಒಂದು ಇಲ್ಲೇ ಇದೆ.

ಚಿಕ್ಕಿ


ಜುಲೈ 20

ಚಿಕ್ಕೀ,

ಕಂಪ್ಯೂಟರ್ ಅಂಗಡಿಗೆ ನಾನು ಹೋಗುವುದು ಅಮ್ಮನ ಮಾತ್ರೆಗಳ ವಿವರ ನೋಡಲಿಕ್ಕೆ. ನಿನ್ನ ನಗುವಿಗೆ ಕಾರಣ ತಿಳಿಯಲಿಲ್ಲ.

ಆದರೆ ನೀನು ಮಾಡಿದ್ದು ಒಳ್ಳೆಯದು. ಯಾಕೆಂದು ಹೇಳುತ್ತೇನೆ. ಇಲ್ಲಿ ಹೊಸ ಪೈಲಟ್ ಒಬ್ಬ ಹೋದ ತಿಂಗಳು ಕೆಳಗಿಳಿದವನೇ ನನ್ನ ಕಾರ್ಯಾಗಾರಕ್ಕೆ ನುಗ್ಗಿದ. “ನಿಮ್ಮ ಸೆನ್ಸರ್ ಕೆಟ್ಟಿದೆ ಕಣ್ರೀ. ಮೋಡದೊಳಗೆ ಪಕ್ಕದ ವಿಮಾನಾನೇ ತೋರಿಸ್ಲಿಲ್ಲ. ಕೂದಲೆಳೆ ಅಂತರ!” ಮುಖ ಬಿಳಿಚಿಕೊಂಡಿತ್ತು. ನಾನು ಎರಡು ದಿನ ಬಿಚ್ಚಿ ಪರೀಕ್ಷೆ ಮಾಡಿದೆ. ಎಲ್ಲ ಸರಿಯಿತ್ತು. “ಮೋಡದಲ್ಲಿ ಅದು ತೋರಿಸಲ್ಲ ಸರ್, ಪಾಠದಲ್ಲಿ ಹೇಳಿರ್ತಾರಲ್ಲ,” ಎಂದೆ. ಅವನು ತಲೆ ಕೆರೆದುಕೊಂಡು, “ಆಟದಲ್ಲಿ ತೋರಿಸ್ತಿತ್ತು,” ಎಂದ. ಯಾವ ಆಟ ಎಂದು ಕೇಳಿದೆ. ನಿಮ್ಮದೇ.

ಆ ಕ್ಷಣದಲ್ಲಿ ಅವನಿಗೆ ಪಾಠ ನೆನಪಾಗಲಿಲ್ಲ, ಕೈಗೆ ಆಟವೇ ನೆನಪಿತ್ತು. ಆದ್ದರಿಂದ ಗಡುವಪ್ಪನ ಮಾತಿಗೆ ಸೋಲಬೇಡ.

ಅಣ್ಣ


ಆಗಸ್ಟ್ 9

ಅಣ್ಣಾ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಅದಕ್ಕೆ ಉದ್ದ ಉತ್ತರ ಬರೆಯುತ್ತಿದ್ದೆ, ಹರಿದುಹಾಕಿದೆ. ಈಗ ಬೇರೆಯದೇ ಆಗಿದೆ.

ನಿನ್ನೆ ಮಧ್ಯಾಹ್ನ ಹಳೇ ಹದ್ದು ಫೋರಮ್ಮಿನಲ್ಲಿ ಕೈಬರಹದ ಹಾಳೆಯೊಂದರ ಚಿತ್ರ ಹಾಕಿದ. ಯಾವನೋ ಒಬ್ಬ ಅವನನ್ನು “ವಿಮಾನದ ಮುಖಾನಾದ್ರೂ ನೋಡಿದ್ದೀಯೇನಯ್ಯಾ” ಎಂದು ಕೆಣಕಿದ್ದ. ಅದಕ್ಕೆ ಉತ್ತರವಾಗಿ. ಹನ್ನೊಂದು ನಿಮಿಷ ಇತ್ತು. ಊಟ ಬಿಟ್ಟು ಓಡಿಬಂದು ನಾನೇ ತೆಗೆದೆ. ಅಷ್ಟರಲ್ಲಿ ಎಷ್ಟು ಜನ ನೋಡಿದರೋ.

ಅದು ಬರಬಾರದ ಚಿತ್ರ ಎಂದು ನೋಡಿದ ಕೂಡಲೇ ತಿಳಿಯಿತು. ಹೇಗೆ ತಿಳಿಯಿತು ಎಂದು ಕೇಳಬೇಡ.

ಹದ್ದಿಗೆ ಒಂದು ಮಾತು ಹೇಳಬೇಕೆನ್ನಿಸುತ್ತದೆ. ನನಗಾಗಿ ಇಷ್ಟೆಲ್ಲ ಮಾಡಬೇಡ. ನನಗೆ ಯಾವ ಅಂಕಿಯೂ ಬೇಡ. ನೀನು ಚೆನ್ನಾಗಿದ್ದರೆ ಸಾಕು.

ಭಾನುವಾರ ಅಮ್ಮನಿಗೆ ತಪ್ಪದೆ ಫೋನ್ ಮಾಡು.

ಚಿಕ್ಕಿ


ಆಗಸ್ಟ್ 30

ನಿನ್ನ ಪತ್ರ ಬಂತು. ಅದನ್ನು ಯಾಕೆ ಬರೆದೆ ಎಂದು ಅರ್ಥವಾಯಿತು.

ಇಲ್ಲಿ ವಿಚಾರಣೆ ನಡೆಯುತ್ತಿದೆ. ನನ್ನನ್ನು ಕಾರ್ಯಾಗಾರದಿಂದ ಹೊರಗಿಟ್ಟು ಅತಿಥಿಗಳ ಕೊಠಡಿಯೊಂದರಲ್ಲಿ ಇರಿಸಿದ್ದಾರೆ. ಕಿಟಕಿಯಿಂದ ನೀರಿನ ಟ್ಯಾಂಕು ಕಾಣುತ್ತದೆ. ಊಟಕ್ಕೆ ಕೊರತೆಯಿಲ್ಲ. ಬಾಗಿಲಿನಿಂದ ಕಿಟಕಿಗೆ ಒಂಬತ್ತು ಹೆಜ್ಜೆ. ನಾನು ಹೇಳಬೇಕಾದದ್ದನ್ನು ಹೇಳಿಯಾಗಿದೆ. ನಿನಗೆ ಯಾವ ತೊಂದರೆಯೂ ಬರುವುದಿಲ್ಲ.

ಫೋನಿಗೆ ಅನುಮತಿ ಇಲ್ಲ. ಲೈನು ಕೆಟ್ಟಿದೆ ಎಂದು ಅಮ್ಮನಿಗೆ ಹೇಳು. ಸುಳ್ಳು ಹೇಳುವುದು ನಿನಗೆ ಕಷ್ಟವಾಗಲಾರದು.

ನನಗೆ ಪತ್ರ ಬರೆಯಬೇಡ.


ಸೆಪ್ಟೆಂಬರ್ 12
(ಕಳಿಸುವುದಿಲ್ಲ)

ಅಣ್ಣಾ,

ಇದನ್ನು ಅಂಚೆಗೆ ಹಾಕಿದರೆ ಬೇರೆಯವರೂ ಓದುತ್ತಾರೆ. ಆದರೂ ಬರೆಯದಿದ್ದರೆ ನಾನು ಒಡೆದುಹೋಗುತ್ತೇನೆ.

‘ಸುಳ್ಳು ಹೇಳುವುದು ನಿನಗೆ ಕಷ್ಟವಾಗಲಾರದು.’ ಯಾಕೆ ಹಾಗೆಂದೆ? ಪತ್ರ ಬಂದಾಗಿನಿಂದ ಆ ಸಾಲು ಕಾಲಿಗೆ ಹೊಕ್ಕ ಮುಳ್ಳಿನ ಹಾಗಿದೆ. ಎಲ್ಲಿ ಕಾಲಿಟ್ಟರೂ ಚುಚ್ಚುತ್ತದೆ.

ಸೋಮವಾರ ಇಬ್ಬರು ನಮ್ಮ ಆಫೀಸಿಗೆ ಬಂದಿದ್ದರು. ಸಾದಾ ಬಟ್ಟೆ, ಒಬ್ಬಾಕೆ, ಒಬ್ಬಾತ. ಆ ಚಿತ್ರವನ್ನು ಮುದ್ರಿಸಿ ತಂದು ಮೇಜಿನ ಮೇಲಿಟ್ಟು ಆಕೆ ಕೇಳಿದಳು: “ಈ ಅಕ್ಷರ ಯಾರದು ಅಂತ ಗೊತ್ತಾ?” ಚೌಕಳಿ ಹಾಳೆ, ಕೈಯಲ್ಲಿ ಎಳೆದ ಗೆರೆ, ಏಳರ ನಡುವೆ ಅಡ್ಡಗೀಟು. ನಿನ್ನದಲ್ಲದೆ ಇನ್ಯಾರದು? “ಗೊತ್ತಿಲ್ಲ,” ಎಂದೆ. ಆಕೆ ನನ್ನನ್ನೇ ನೋಡುತ್ತ ಟೀ ಪೂರ್ತಿ ಕುಡಿದಳು.

ನೀನೇ ಹಳೇ ಹದ್ದು ಎಂದು ನನಗೆ ಜುಲೈಯಿಂದಲೇ ಅನುಮಾನವಿತ್ತು. ತಂಗಿ ಎಂದು ಕರೆದದ್ದು, ಬೆನ್ನು ತಟ್ಟಿದ್ದು. ನಾನು ಅಂಕಿ ಅಂಕಿ ಎಂದು ಪೀಡಿಸಿದ್ದಕ್ಕೆ ನೀನು ಇಷ್ಟು ದೊಡ್ಡ ತಪ್ಪು ಮಾಡಿಬಿಟ್ಟೆ. ನಿನ್ನ ಕೆಲಸ ಹೋದರೆ ಆ ಪಾಪ ನನ್ನದು.

ಇನ್ನೊಂದು. ಚೀಲದ ತಳದಲ್ಲಿ ನಿನ್ನ ನೋಟ್‌ಬುಕ್ ಇತ್ತು, ನೀಲಿ ರೆಕ್ಸಿನ್ ಹೊದಿಕೆಯದು. ನಾನು ಅದನ್ನು ತೆರೆದೆ. ಆ ಪುಟವನ್ನೂ ನೋಡಿದೆ. ಫೋಟೋ ತೆಗೆಯಲಿಲ್ಲ, ಅಮ್ಮನಾಣೆ. ನೋಡಿ ಮುಚ್ಚಿ, ಅಂಗಿಗಳ ಕೆಳಗೆ ಇದ್ದ ಹಾಗೆಯೇ ಇಟ್ಟೆ. ನೀನು ಕೇಳಿದಾಗ ಕಾಲುಚೀಲದ ಕಥೆ ಹೇಳಿದೆ.

ಅಮ್ಮ ಭಾನುವಾರ ಇಡೀ ದಿನ ಫೋನ್ ಪಕ್ಕ ಕೂತಿದ್ದಳು. “ಲೈನು ಇಷ್ಟು ದಿನ ಕೆಡತ್ತೇನೆ?” ಎಂದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.


ಅಕ್ಟೋಬರ್ 6

ಅಣ್ಣಾ,

ಬರೆಯಬೇಡ ಎಂದಿದ್ದೆ. ಅಮ್ಮನ ಪರವಾಗಿ ಬರೆಯುತ್ತಿದ್ದೇನೆ. ಅವಳ ಆರೋಗ್ಯ ಚೆನ್ನಾಗಿದೆ. ನಿನ್ನ ದನಿ ಕೇಳಬೇಕಂತೆ. ಒಂದು ಗೆರೆಯಾದರೂ ಹಾಕು.

ಚಿಕ್ಕಿ


ಅಕ್ಟೋಬರ್ 28

ಚಿಕ್ಕೀ,

ಈ ಪತ್ರ ಹೊಸ ಜಾಗದಿಂದ. ಇದು ತರಬೇತಿ ಶಾಲೆ. ಇಲ್ಲಿ ಯಾರೂ ಪತ್ರ ಒಡೆಯುವುದಿಲ್ಲ. ಆದ್ದರಿಂದ ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ. ಕೂತು ಓದು.

ಹೊರಗೆ ಒಯ್ಯಬಾರದ ನೋಟ್‌ಬುಕ್ಕೊಂದನ್ನು ನಾನು ಮರೆತು ರಜೆಗೆ ಮನೆಗೆ ತಂದಿದ್ದೆ. ಬಟ್ಟೆಗಳ ನಡುವೆ ಸೇರಿಕೊಂಡಿತ್ತು. ವಾಪಸ್ ಬಂದು ಚೀಲ ಬಿಚ್ಚಿದಾಗ ಕೈಗೆ ಸಿಕ್ಕಿತು. ನೇರವಾಗಿ ಪತ್ರ ಓದುವ ಸಾಹೇಬರ ಬಳಿ ಹೋಗಿ ಒಪ್ಪಿಕೊಂಡೆ. ಅವರು ಬೈದು, ಎರಡು ದಿನ ತಮ್ಮ ಬಳಿ ಇಟ್ಟುಕೊಂಡು, “ಇದು ಆಗೇ ಇಲ್ಲ ಅಂದ್ಕೋ,” ಎಂದು ಹಿಂದಿರುಗಿಸಿದರು. ನಾನು ಬರೆದ ಉಪಕಾರ ಅದೇ.

ಆಗಸ್ಟಿನಲ್ಲಿ ವಿಚಾರಣೆಯವರು ಆ ಚಿತ್ರವನ್ನು ನನ್ನೆದುರು ಇಟ್ಟರು. ನನ್ನ ನೋಟ್‌ಬುಕ್ಕಿನ ಪುಟ. ಅದು ಹನ್ನೆರಡು ದಿನ ನಮ್ಮ ಮನೆಯಲ್ಲಿತ್ತು. ನೀನು ಅಂಕಿಗಾಗಿ ಅಂಗಲಾಚಿದ್ದೆ. ನಿಮ್ಮದೇ ಫೋರಮ್ಮಿನಲ್ಲಿ ಅದು ಕಾಣಿಸಿಕೊಂಡಿತ್ತು. ಸಾಹೇಬರ ಬಗ್ಗೆ ಅನುಮಾನ ಕನಸಿನಲ್ಲೂ ಬರಲಿಲ್ಲ. ನೀನೇ ಎಂದು ತೀರ್ಮಾನಿಸಿಬಿಟ್ಟೆ. ನಿನ್ನ ಆಗಸ್ಟ್ ಪತ್ರ ಬಂದಾಗ, ತಾನು ಅಮಾಯಕಿ ಎಂದು ತೋರಿಸಿಕೊಳ್ಳಲು ಬರೆದಿದ್ದಾಳೆ ಎಂದುಕೊಂಡೆ.

ನಿನ್ನ ಹೆಸರು ಬರಬಾರದೆಂದು ಸುಳ್ಳು ಹೇಳಿದೆ. ನಿಲ್ದಾಣದಲ್ಲಿ ಅರ್ಧ ಗಂಟೆ ಚೀಲವನ್ನು ಬೆಂಚಿನ ಮೇಲೆ ಬಿಟ್ಟು ಹೋಗಿದ್ದೆ, ಯಾರೋ ತೆಗೆದು ನೋಡಿರಬೇಕು ಎಂದೆ. ನನ್ನ ಹೇಳಿಕೆಯನ್ನು ಬರೆದುಕೊಳ್ಳುತ್ತಿದ್ದವರು ಸಾಹೇಬರೇ. ಬೆಂಚು ಎನ್ನುವಾಗ ಅವರ ಪೆನ್ನು ನಿಂತಿತು. ತಲೆಯೆತ್ತಿ ನನ್ನನ್ನು ನೋಡಿದರು. ಮತ್ತೆ ಬಗ್ಗಿ ಬರೆದರು. ಪೂರ್ತಿ ಬರೆದು, ಸಹಿ ಹಾಕಿಸಿಕೊಂಡರು.

ನಲವತ್ತು ದಿನ ಕಳೆದ ಮೇಲೆ ಒಂದು ಬೆಳಗ್ಗೆ ನನ್ನ ಕೊಠಡಿಗೆ ಬಂದರು. ಕೂರಲಿಲ್ಲ. ಗೋಡೆ ಹಿಡಿದುಕೊಂಡು ನಿಂತರು. ಅವರ ಕಿವಿಯ ತೊಂದರೆ ಹೆಚ್ಚಾದಾಗ ಹಾಗೆ ನಿಲ್ಲುತ್ತಾರೆ.

“ಆ ಬೆಂಚಿನ ಕಥೆ ಯಾಕಪ್ಪ ಹೇಳ್ದೆ?”

ನಾನು ಕಿಟಕಿಯ ಕಡೆ ತಿರುಗಿದೆ.

“ತಂಗಿ ಅಂದ್ಕೊಂಡ್ಯಾ?”

ನಾನು ನೀರಿನ ಟ್ಯಾಂಕನ್ನೇ ನೋಡುತ್ತಿದ್ದೆ.

“ಅವಳಲ್ಲಯ್ಯಾ. ನಾನು. ಆ ಹಳೇ ಹದ್ದು ನಾನೇ.”

ಅವರೇ ಹೇಳುತ್ತಾ ಹೋದರು. “ಮೇಲಕ್ಕೆ ಬಿಡಲ್ಲ ಅಂದ್ಮೇಲೆ ಮನೇಲಿ ಕೂತು ಆ ಆಟದಲ್ಲಿ ಹಾರ್ತಿದ್ದೆ. ಅಲ್ಲಿ ತಲೆ ಸುತ್ತಲ್ಲ. ನಿನ್ನ ತಂಗಿ ಕಾಗದ ಓದಿ ಗೊತ್ತಾಯ್ತು, ನಾನು ದಿನಾ ಬೈತಿರೋದು ಈ ಹುಡುಗೀನ ಅಂತ. ಆಮೇಲೆ ಬೈಯೋಕೆ ಮನಸ್ಸಾಗ್ಲಿಲ್ಲ. ಆ ಪುಟದ ಫೋಟೋ ಸುಮ್ನೆ ತೆಗೆದಿಟ್ಕೊಂಡಿದ್ದೆ, ನೋಡ್ಕೊಳ್ಳೋಕೆ. ಅಷ್ಟರಲ್ಲಿ ಯಾವನೋ ನನ್ನನ್ನ, ಇಪ್ಪತ್ತೆರಡು ವರ್ಷ ಹಾರಿಸ್ದೋನ್ನ, ವಿಮಾನದ ಮುಖ ನೋಡಿದ್ದೀಯಾ ಅಂದ. ಕೈ ತಡೀಲಿಲ್ಲ ಕಣಯ್ಯಾ. ಹಾಕ್ಬಿಟ್ಟೆ.”

“ಹೇಳಿಕೆ ಬರ್ಕೊಳ್ಳುವಾಗ್ಲೇ ಹೇಳ್ಬಹುದಿತ್ತಲ್ಲ ಸರ್,” ಎಂದೆ.

“ಹೇಳ್ಬಹುದಿತ್ತು,” ಎಂದರು. ಅಲ್ಲಿಂದ ನೇರವಾಗಿ ವಿಚಾರಣೆಯ ಕೋಣೆಗೆ ಹೋದರು. ಈಗ ಅವರು ಎಲ್ಲಿದ್ದಾರೋ ನನಗೆ ಹೇಳಿಲ್ಲ.

ನನಗೆ ಎರಡು ಶಿಕ್ಷೆ: ನೋಟ್‌ಬುಕ್ ಹೊರಗೆ ಒಯ್ದದ್ದಕ್ಕೆ ಒಂದು, ಸುಳ್ಳು ಹೇಳಿದ್ದಕ್ಕೆ ಒಂದು. ಇನ್ನು ಮುಂದೆ ನಾನು ಸೆನ್ಸರ್ ಮುಟ್ಟುವಂತಿಲ್ಲ. ಇಲ್ಲಿ ಹೊಸಬರಿಗೆ ಸ್ಪ್ಯಾನರ್ ಹಿಡಿಯುವುದನ್ನು ಕಲಿಸುತ್ತೇನೆ. ಹದಿನಾರು ವರ್ಷ ಮಾಡಿದ ಕೆಲಸ, ಬೆರಳುಗಳಿಗೆ ಇನ್ನೂ ನಂಬಿಕೆ ಬಂದಿಲ್ಲ.

ಹೋಗುವ ಮುಂಚೆ ಸಾಹೇಬರು ಇನ್ನೊಂದು ಮಾತು ಹೇಳಿದರು. “ನಿನ್ನ ತಂಗಿ ಬಲು ಚುರುಕು. ಹಿಂಬದಿಯ ದೂರ ಯಾರ ಸಹಾಯಾನೂ ಇಲ್ದೆ ಊಹಿಸಿದ್ದಾಳೆ, ಕರಾರುವಾಕ್ಕು.” ಕೇಳಿ ಹೆಮ್ಮೆಯಾಯಿತು. ಅಂಥ ತಂಗಿಯನ್ನು ನಲವತ್ತು ದಿನ ಕಳ್ಳಿ ಎಂದುಕೊಂಡು ಆ ಕೋಣೆಯಲ್ಲಿ ಓಡಾಡಿದೆನಲ್ಲ ಎಂದು ಅಷ್ಟೇ ಸಂಕಟವೂ ಆಯಿತು. ಆಗಸ್ಟಿನ ಆ ಸಾಲಿಗೆ ನನ್ನನ್ನು ಕ್ಷಮಿಸು.

ಅಣ್ಣ


ನವೆಂಬರ್ 8

ಅಣ್ಣಾ,

ನಿನ್ನ ಪತ್ರವನ್ನು ಬಸ್ಸಿನಲ್ಲಿ ಓದಿದೆ, ಇಳಿಯುವ ನಿಲ್ದಾಣ ದಾಟಿಹೋಯಿತು. ಎರಡು ನಿಲ್ದಾಣ ವಾಪಸ್ ನಡೆದು ಬಂದೆ. ನಡೆಯುವಾಗಲೆಲ್ಲ ಒಂದೇ ಯೋಚನೆ: ಸುಮ್ಮನಿದ್ದುಬಿಡಲೇ? ನೀನು ಕ್ಷಮೆ ಕೇಳಿದ್ದೀಯ, ನಾನು ಆಯಿತು ಎಂದರೆ ಮುಗಿಯಿತು. ಇಬ್ಬರೂ ಚೆನ್ನಾಗಿರಬಹುದು.

ಸಾಧ್ಯವಾಗಲಿಲ್ಲ. ನಾನು ಆ ನೋಟ್‌ಬುಕ್ ತೆರೆದಿದ್ದೆ. ಸೆಪ್ಟೆಂಬರಿನಲ್ಲಿ ಇದನ್ನು ಬರೆದು, ಕಳಿಸದೆ ಇಟ್ಟುಕೊಂಡ ಪತ್ರವನ್ನು ಇದರ ಜೊತೆ ಇಟ್ಟಿದ್ದೇನೆ. ಓದು. ಆದರೆ ಅದರಲ್ಲೂ ನಾನು ಪೂರ್ತಿ ಹೇಳಿಲ್ಲ. ಯಾರೂ ಓದದ ಪತ್ರದಲ್ಲೂ ಹೇಳಲಾಗದಷ್ಟು ನಾಚಿಕೆಯಾಗಿತ್ತು.

ಹಿಂಬದಿಯ ದೂರ ನನ್ನ ಊಹೆಯಲ್ಲ. ಆ ಪುಟದಲ್ಲಿ ನೋಡಿದ್ದು. ಬರೆದುಕೊಳ್ಳಲಿಲ್ಲ, ಆದರೆ ಮರೆಯಲೂ ಇಲ್ಲ. ಆಟಕ್ಕೆ ಹಾಕುವಾಗ, ಇದು ಅಂದಾಜು, ಯಾರಿಗಾದರೂ ಹೊಳೆಯುವಂಥದ್ದೇ ಎಂದು ನನಗೇ ಹೇಳಿಕೊಂಡೆ. ಅದು ಗೊತ್ತಿದ್ದೂ ಜೂನಿನಲ್ಲಿ ನಿನ್ನನ್ನು ಅಂಕಿ ಕೇಳಿದ್ದು, ನೀನು ಕೊಟ್ಟಿದ್ದೇ ಆಗಿಬಿಡಲಿ, ಕದ್ದದ್ದು ಆಗದಿರಲಿ ಎಂದು. ಸಾಹೇಬರ ಹೊಗಳಿಕೆ ನನಗೆ ಸಲ್ಲಬೇಕಾದ್ದಲ್ಲ.

ಮೊನ್ನೆ ಅದನ್ನು ತೆಗೆದುಹಾಕಿದೆ. ನನ್ನದೇ ಲೆಕ್ಕದಿಂದ ಬಂದ ಬೇರೆ ಅಂಕಿ ಹಾಕಿದೆ. ಅದು ತಪ್ಪಿರಬಹುದು. ತಪ್ಪಾಗಿಯೇ ಇರಲಿ. ಗಡುವಪ್ಪ, “ಚೆನ್ನಾಗಿದ್ದದ್ದನ್ನ ಯಾಕೆ ಹಾಳು ಮಾಡ್ತೀಯಾ?” ಎಂದು ಕೂಗಾಡಿದ. “ಅದು ನನ್ನದಲ್ಲ,” ಎಂದಷ್ಟೇ ಹೇಳಿದೆ. ಆಫೀಸಿಗೆ ಬಂದಿದ್ದ ಆ ಹೆಂಗಸಿನ ವಿಳಾಸ ನನ್ನ ಬಳಿ ಇದೆ. ನಾಳೆ ಅವಳಿಗೂ ಬರೆಯುತ್ತೇನೆ.

ನಿನ್ನ ನಲವತ್ತು ದಿನದ ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ ಅಣ್ಣಾ. ನೀನು ಕ್ಷಮೆ ಕೇಳಬೇಡ.

ಚಿಕ್ಕಿ


ನವೆಂಬರ್ 30

ಚಿಕ್ಕೀ,

ಮೂರು ವಾರ ಉತ್ತರಿಸಲಿಲ್ಲ. ಕೈ ಬರಲಿಲ್ಲ, ಅದಕ್ಕೆ. ನಾಲ್ಕು ಸಲ ಶುರುಮಾಡಿದೆ. ಎರಡರಲ್ಲಿ ಪರವಾಗಿಲ್ಲ ಎಂದು ಬರೆದಿದ್ದೆ, ಅದು ಸುಳ್ಳು. ಎರಡರಲ್ಲಿ ಬರೆಯಬಾರದ್ದನ್ನು ಬರೆದಿದ್ದೆ. ನಾಲ್ಕನ್ನೂ ಹರಿದೆ.

ಆ ಹೆಂಗಸು ಇಲ್ಲಿಗೆ ಬಂದಿದ್ದಳು. ನೀನು ಬರೆದದ್ದನ್ನು ನನಗೆ ಓದಿ ತೋರಿಸಿದಳು. ನಿನ್ನನ್ನು ಕರೆಸುತ್ತಾರಂತೆ, ಎಚ್ಚರಿಕೆ ಕೊಟ್ಟು ಬಿಡಬಹುದಂತೆ. “ಕೇಳದೇನೇ ಒಪ್ಪಿಕೊಂಡಿದ್ದಾಳೆ ನಿಮ್ಮ ತಂಗಿ,” ಎಂದಳು. ನಾನು ಹೂಂ ಎಂದೆ.

ನನಗೆ ಸಿಟ್ಟಿದೆ. ಆ ಕೆಲಸ ನನಗೆ ಇನ್ನು ಸಿಗುವುದಿಲ್ಲ. ಅದರಲ್ಲಿ ನಿನ್ನ ಪಾಲು ಎಷ್ಟು, ನನ್ನದೆಷ್ಟು ಎಂದು ದಿನಾ ಮನಸ್ಸಿನಲ್ಲೇ ಜಗಳವಾಡುತ್ತೇನೆ. ಕಾಗದದ ಮೇಲೆ ಬೈಯುವುದು ನನಗೆ ಬರುವುದಿಲ್ಲ. ಬರೆದ ಬೈಗುಳ ಆರಿಹೋದ ಮೇಲೆ ತಲುಪುತ್ತದೆ, ಇಲ್ಲವೇ ಇದ್ದದ್ದಕ್ಕಿಂತ ಜೋರಾಗಿ ಕೇಳಿಸುತ್ತದೆ.

ನಾಲ್ಕು ದಿನ ರಜೆ ಕೇಳಿದ್ದೆ, ಕೊಟ್ಟಿದ್ದಾರೆ. ಶನಿವಾರ ಬೆಳಗ್ಗೆ ಹತ್ತಕ್ಕೆ ಮನೆಯಲ್ಲಿರುತ್ತೇನೆ. ಬಂದ ಕೂಡಲೇ ಬೈಯುತ್ತೇನೆ, ಮನಸಾರೆ ಬೈಯುತ್ತೇನೆ. ನೀನೂ ಬೈಯಬೇಕಾದದ್ದು ಇದ್ದರೆ ಜೋಡಿಸಿಟ್ಟುಕೋ. ಅಮ್ಮನನ್ನು ಅಷ್ಟು ಹೊತ್ತು ಪಕ್ಕದ ಮನೆಗೆ ಕಳಿಸಿರು. ಮುಗಿದ ಮೇಲೆ ಕರೆದುಕೊಂಡು ಬಂದು, ಮೂವರೂ ಒಟ್ಟಿಗೆ ಊಟ ಮಾಡೋಣ.

ಅಣ್ಣ